‘ಕೊರತೆ ಏನೂ ಇಲ್ಲ’ ಎಂದ ಮೇಷ್ಟ್ರು

ಆ ನಮೂನೆಗೆ ಹನ್ನೊಂದು ಪುಟ. ಮೊದಲ ಪುಟದ ನೆತ್ತಿಯ ಮೇಲೆ ‘ಅಭಿವೃದ್ಧಿಶೀಲ ದೇಶ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅದರ ಮುಂದೆ ಬಿಟ್ಟಿದ್ದ ಖಾಲಿ ಜಾಗದಲ್ಲಿ ನಮ್ಮ ದೇಶದ ಹೆಸರನ್ನು ಟೈಪು ಮಾಡಿದ್ದರು. ಆಸ್ಪತ್ರೆಯ ಚೀಟಿಯಲ್ಲಿ ರೋಗಿಯ ಹೆಸರು ಬರೆದ ಹಾಗೆ ಕಂಡು ನನಗೆ ಮೊದಲ ದಿನವೇ ಮೈ ಉರಿಯಿತು. ಆದರೆ ಹೊಟ್ಟೆಪಾಡಿನ ಕೆಲಸ, ಉರಿದು ಏನು ಮಾಡುವುದು.

ನಮೂನೆ ತಂದವರು ಯುರೋಪಿನ ಒಂದು ದೇಶದಿಂದ ಬಂದ ಇಬ್ಬರು. ಒಬ್ಬರು ತಂಡದ ಮುಖ್ಯಸ್ಥರು, ಎತ್ತರದ, ಮೆತ್ತಗೆ ಮಾತಾಡುವ ಮನುಷ್ಯ. ಇನ್ನೊಬ್ಬರು ವರ್ಕ್‌ಶಾಪ್ ತಜ್ಞರು. ಎಳೆ ವಯಸ್ಸಿನಿಂದ ಲೇತಿನ ಮುಂದೆ ನಿಂತು ಮೇಲೆ ಬಂದವರು, ಎಡಗೈಯ ಕಿರುಬೆರಳಿನ ತುದಿ ಇರಲಿಲ್ಲ. ಅವರ ದೇಶವೂ ನಮ್ಮ ಸರ್ಕಾರವೂ ಸೇರಿ ಮಂಡ್ಯ ಜಿಲ್ಲೆಯಲ್ಲಿ ಒಂದು ತರಬೇತಿ ಕೇಂದ್ರ ಕಟ್ಟುವುದು, ಹುಡುಗರಿಗೆ ಲೇತು, ಮೋಟಾರು, ಪಂಪ್‌ಸೆಟ್ಟಿನ ಕೆಲಸ ಕಲಿಸುವುದು, ಅಲ್ಲೇ ವಿದ್ಯುತ್ತಿನ ಲೈನ್‌ಮನ್‌ಗಳಿಗೂ ನೀರಾವರಿಯ ಕೆಳಗಿನ ನೌಕರರಿಗೂ ತರಬೇತಿ ಕೊಡುವುದು ಎಂದು ಮಾತಾಗಿತ್ತು. ಎಪ್ಪತ್ತರ ದಶಕದ ನಡುಭಾಗ ಅದು. ಹಳ್ಳಿಹಳ್ಳಿಗೂ ಪಂಪ್‌ಸೆಟ್ಟು ಬಂದಿತ್ತು, ಕೆಟ್ಟರೆ ರಿಪೇರಿ ಮಾಡುವವರು ಮಾತ್ರ ಇರಲಿಲ್ಲ. ಕೇಂದ್ರ ಮಂಡ್ಯದಲ್ಲೋ, ಮದ್ದೂರಿನಲ್ಲೋ, ಮಳವಳ್ಳಿಯಲ್ಲೋ ಎಂಬುದನ್ನು ಈ ಇಬ್ಬರು ನೋಡಿ ಹೇಳಬೇಕು.

ನಾನು ಆಗ ತರಬೇತಿ ಇಲಾಖೆಯಲ್ಲಿ ಸರ್ವೆ ಸಹಾಯಕಿ. ಮಂಡ್ಯದಲ್ಲಿ ಹೈಸ್ಕೂಲು ಮೇಷ್ಟ್ರ ಮಗಳು, ಇಂಗ್ಲಿಷು ಬರುತ್ತದೆ ಎಂಬ ಎರಡೇ ಕಾರಣಕ್ಕೆ ಅವರ ಜೊತೆ ದುಭಾಷಿಯಾಗಿ ಹೋಗುವ ಕೆಲಸ ನನ್ನ ಕೊರಳಿಗೆ ಬಿತ್ತು. ಕಳಿಸುವ ಮೊದಲು ಉಪನಿರ್ದೇಶಕರು ಒಂದು ಮಾತು ಹೇಳಿದರು.

“ನೋಡಮ್ಮ, ಮಂಡ್ಯ, ಮದ್ದೂರಿನ ತರಬೇತಿ ಸೆಕ್ಷನ್ನುಗಳು ಹೇಗೋ ನಡೀತವೆ. ಮಳವಳ್ಳಿ ಸೆಕ್ಷನ್ನು ಟೆಂಪರರಿ. ಆರಾರು ತಿಂಗಳಿಗೆ ಆರ್ಡರ್ ಎಳೆದು ಎಳೆದು ಸಾಕಾಗಿದೆ ನಮಗೆ. ಕೇಂದ್ರ ಅಲ್ಲಿಗೆ ಬಂದರೆ ಅದರಲ್ಲಿ ಸೇರಿಕೊಳ್ಳುತ್ತೆ. ಇಲ್ಲದಿದ್ದರೆ ಮುಂದಿನ ಆರ್ಡರ್ ನಾನು ಕಳಿಸೋದಿಲ್ಲ, ಮುಚ್ಚಿಬಿಡ್ತೀವಿ.”

ತಂಡ ಬರುವ ಒಂದು ವಾರ ಮುಂಚೆ ಮೂರೂ ಕಡೆ ನಾನೊಬ್ಬಳೇ ಹೋಗಿ ಪ್ರಾಥಮಿಕ ಟಿಪ್ಪಣಿ ಬರೆದಿಟ್ಟುಕೊಳ್ಳಬೇಕಿತ್ತು. ಮಳವಳ್ಳಿಗೆ ಹೋದದ್ದು ಕೊನೆಗೆ. ಊರಾಚೆ ಒಂದು ಹಂಚಿನ ಕಟ್ಟಡ, ಹಿಂದೆ ಒಂದು ಆಲೆಮನೆ. ಶಿವನಸಮುದ್ರದಿಂದ ಹೊರಟ ದೊಡ್ಡ ತಂತಿಗಳು ದೂರದಲ್ಲಿ ಕಂಬದಿಂದ ಕಂಬಕ್ಕೆ ಹಾದು ಎಲ್ಲಿಗೋ ಹೋಗುತ್ತಿದ್ದವು. ಕಟ್ಟಡದೊಳಗೆ ಕರೆಂಟು ಇರಲಿಲ್ಲ. ಆದರೂ ಒಳಗಿನಿಂದ ಲೇತು ತಿರುಗುವ ಸದ್ದು ಬರುತ್ತಿತ್ತು.

ಹೋಗಿ ನೋಡುತ್ತೇನೆ, ಎತ್ತಿನ ಗಾಡಿಯ ಒಂದು ಚಕ್ರವನ್ನು ಮರದ ಚೌಕಟ್ಟಿಗೆ ಕೂರಿಸಿ, ಅದರ ಅಂಚಿನ ಮೇಲಿಂದ ಲೇತಿನ ರಾಟೆಗೆ ಪಟ್ಟಿ ಎಳೆದಿದ್ದಾರೆ. ಇಬ್ಬರು ಹುಡುಗರು ಎರಡು ಕಡೆ ಹಿಡಿಕೆ ಹಿಡಿದು ಚಕ್ರ ತಿರುಗಿಸುತ್ತಿದ್ದಾರೆ. ಮೂರನೆಯವನು ಟೂಲು ಹಿಡಿದು ಕಬ್ಬಿಣದ ಸರಳನ್ನು ಕಡೆಯುತ್ತಿದ್ದಾನೆ. ಹತ್ತಿರ ನಿಂತಿದ್ದ ಖಾಕಿ ಚಡ್ಡಿಯ, ನಲವತ್ತು ದಾಟಿದ ಮನುಷ್ಯನೇ ಮೇಷ್ಟ್ರು. ಪೂರಿಗಾಲಿಯ ಒಕ್ಕಲು ಮನೆತನದವರು. ಏಳನೇ ತರಗತಿಗೆ ಓದು ಬಿಟ್ಟು, ಮುಂಬಯಿಯ ಕಾರ್ಖಾನೆಗಳಲ್ಲಿ ದುಡಿದು ಕೆಲಸ ಕಲಿತು ಬಂದವರು.

“ಲೇ, ಜೋರಾಗಿ ತಿರುಗ್ಸಬ್ಯಾಡ್ಲಾ, ಒಂದೇ ಸಮ್ಕೆ ತಿರುಗ್ಸು. ನೀನು ಕೈ ಸಡ್ಲ ಬುಟ್ರೆ ಅಲ್ಲಿ ಟೂಲು ಕಚ್ಕತದೆ ಕಣ್ಲಾ,” ಎನ್ನುತ್ತಿದ್ದವರು ನನ್ನನ್ನು ಕಂಡು ಪೆಟ್ಟಿಗೆಯೊಂದನ್ನು ಟವಲಿನಿಂದ ಒರೆಸಿದರು. “ಬನ್ನಿ ಅಮ್ಮಾವ್ರೆ, ಕೂತ್ಕಳಿ. ಕುರ್ಚಿ ಗಿರ್ಚಿ ಇಲ್ಲ.”

ನಾನು ಚಕ್ರವನ್ನೇ ನೋಡುತ್ತಿದ್ದೆ. ಅವರಿಗೆ ಸಂಕೋಚವಾಯಿತು.

“ಕರೆಂಟು ಬತ್ತದೆ ಓಯ್ತದೆ. ಕಾಯ್ಕಂಡು ಕೂತ್ರೆ ಐಕ್ಳು ಕಲಿಯದು ಯಾವಾಗ? ಅದ್ಕೇ ಹಿಂಗೊಂದು ಮಾಡ್ಕಂಡೊ. ಇದು ನೋಡಕ್ಕೆ ಚೆಂದಾಗಿಲ್ಲ, ನಂಗೂ ಗೊತ್ತು.”

ಮೂಲೆಯಲ್ಲಿ ಸುಟ್ಟ ಪಂಪ್‌ಸೆಟ್ಟು ಮೋಟಾರುಗಳ ಸಾಲು ಇತ್ತು. ಪೂರಿಗಾಲಿ ಕಡೆಯ ರೈತರು ಗಾಡಿಯಲ್ಲಿ ಹಾಕಿಕೊಂಡು ಬಂದು ಇಳಿಸಿ ಹೋಗುತ್ತಿದ್ದರಂತೆ. ಹುಡುಗರು ಸುಟ್ಟ ತಂತಿಯನ್ನು ಬಿಚ್ಚುತ್ತಾ ಎಷ್ಟು ಸುತ್ತು, ಯಾವ ಗಾಡಿಯಲ್ಲಿ ಎಷ್ಟು ಎಂದು ಸ್ಲೇಟಿನ ಮೇಲೆ ಬರೆದುಕೊಳ್ಳುವುದು, ಅದೇ ಲೆಕ್ಕಕ್ಕೆ ಹೊಸ ತಂತಿ ಸುತ್ತಿ, ವಾರ್ನಿಷ್ ಬಳಿದು, ಆಲೆಮನೆಯ ಒಲೆಯ ಬಿಸಿಯಲ್ಲಿ ಒಣಗಿಸುವುದು. ಗಾಡಿ ಎಂದರೆ ಮೋಟಾರಿನೊಳಗೆ ತಂತಿ ಕೂರುವ ಸೀಳು ಎಂದು ಆಮೇಲೆ ತಿಳಿಯಿತು. ಮೇಷ್ಟ್ರು ಎಲ್ಲದಕ್ಕೂ ತಮ್ಮದೇ ಹೆಸರು ಇಟ್ಟಿದ್ದರು. ಹಿಂದಿನ ವರ್ಷ ಕಲಿತು ಹೋದ ಹದಿನಾರು ಹುಡುಗರಲ್ಲಿ ಯಾರು ಎಲ್ಲಿದ್ದಾರೆ ಎಂದು ಕೇಳಿದೆ. ಪುಸ್ತಕ ನೋಡದೆ ಹದಿನಾರೂ ಜನರದ್ದು ಹೇಳಿದರು. ಒಬ್ಬನೂ ಖಾಲಿ ಕೂತಿರಲಿಲ್ಲ.

ಮಂಡ್ಯದಲ್ಲಿ ನನಗೆ ಈ ಪಟ್ಟಿ ಕೊಡಲು ಯಾರಿಗೂ ಆಗಿರಲಿಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಮಳವಳ್ಳಿಗೆ ಆರು ಪುಟ ಹಿಡಿಯಿತು. ಚಕ್ರದ ಚಿತ್ರ ಕೂಡ ಬರೆದುಕೊಂಡೆ. ಬರುವ ತಜ್ಞರು ಲೇತಿನ ಕೆಲಸ ಮಾಡಿ ಮೇಲೆ ಬಂದವರು ಎಂದು ಕೇಳಿದ್ದೆ; ಅವರು ಇದನ್ನು ನೋಡಿದರೆ ಸಾಕು, ಬೇರೆಲ್ಲೂ ಹೋಗುವುದಿಲ್ಲ ಎಂದು ನನಗೆ ಆಗಲೇ ಖುಷಿ. ಬಸ್ಸಿಗೆ ಹೊತ್ತಾಯಿತೆಂದು ಎದ್ದವಳು ಬಾಗಿಲಲ್ಲಿ ನಿಂತು ಹೇಳಿದೆ: “ಗುರುವಾರ ಬರ್ತಾರೆ ಮೇಷ್ಟ್ರೆ. ಸ್ವಲ್ಪ ನೀಟಾಗಿ ಇಟ್ಟುಕೊಂಡಿರಿ.”

ಯಾಕೆ ಹೇಳಿದೆನೋ. ನಾಲಗೆಗೆ ಅಭ್ಯಾಸವಾದ ಮಾತು, ಇನ್ಸ್‌ಪೆಕ್ಷನ್ ಎಂದರೆ ಎಲ್ಲರೂ ಹೇಳುವ ಮಾತು. ನನ್ನ ಜೀವಮಾನದಲ್ಲಿ ಆಡಿದ ಮಾತುಗಳಲ್ಲಿ ಒಂದನ್ನು ವಾಪಸು ತೆಗೆದುಕೊಳ್ಳಬಹುದು ಎಂದರೆ ನಾನು ಅದನ್ನೇ ತೆಗೆದುಕೊಳ್ಳುತ್ತೇನೆ.

ತಂಡದ ಕೆಲಸ ಮಂಗಳವಾರ ಮಂಡ್ಯದಲ್ಲಿ ಶುರುವಾಯಿತು. ಕ್ರಮ ಎಲ್ಲ ಕಡೆ ಒಂದೇ. ತಜ್ಞರು ಯಂತ್ರಗಳನ್ನು ನೋಡುವುದು, ಮುಖ್ಯಸ್ಥರು ಪುಟದ ಪ್ರಕಾರ ಪ್ರಶ್ನೆ ಕೇಳುವುದು, ನಾನು ಕನ್ನಡ ಮಾಡುವುದು, ಉತ್ತರವನ್ನು ಇಂಗ್ಲಿಷ್ ಮಾಡುವುದು. ಹತ್ತನೇ ಪುಟದಲ್ಲಿ ‘ನಿಮಗೆ ಇರುವ ಕೊರತೆಗಳು’ ಎಂಬ ಕಲಂ. ಅದಕ್ಕೆ ಮಾತ್ರ ಒಂದು ನಿಯಮವಿತ್ತು: ಕಲಿಸುವವನ ಬಾಯಿಂದ ಬಂದಷ್ಟನ್ನೇ ಬರೆಯಬೇಕು, ದುಭಾಷಿ ತನ್ನದೇನೂ ಸೇರಿಸಕೂಡದು, ಕೊನೆಗೆ ದುಭಾಷಿ ರುಜು ಹಾಕಬೇಕು. ಮಂಡ್ಯದಲ್ಲಿ ನಾನು ಒಂದು ಉತ್ತರದ ಹಿನ್ನೆಲೆ ವಿವರಿಸಲು ಹೋದೆ. ಮುಖ್ಯಸ್ಥರು ಪೆನ್ನು ಕೆಳಗಿಟ್ಟು, “ಇದು ಅವರು ಹೇಳಿದ್ದೋ, ನೀವು ಹೇಳುತ್ತಿರುವುದೋ?” ಎಂದು ಕೇಳಿದರು. ಬಹಳ ವಿನಯದಿಂದಲೇ ಕೇಳಿದ್ದು. ಆಮೇಲೆ ತೆಪ್ಪಗಾದೆ.

ಬುಧವಾರ ಮದ್ದೂರು. ಅಲ್ಲಿನ ಮೇಲ್ವಿಚಾರಕರು ಇಂಥ ತಂಡಗಳನ್ನು ಮೊದಲೇ ಕಂಡವರು. ಸೋರುವ ಹಂಚನ್ನು ಹಾಗೇ ಬಿಟ್ಟಿದ್ದರು, ಕೆಟ್ಟ ಯಂತ್ರಗಳನ್ನು ಮುಂದಿನ ಸಾಲಿನಲ್ಲೇ ನಿಲ್ಲಿಸಿದ್ದರು. ಕೊರತೆಯ ಕಲಮಿಗೆ ಬಂದಾಗ ಜೇಬಿನಿಂದ ಟೈಪು ಮಾಡಿದ ಪಟ್ಟಿ ತೆಗೆದರು. ಮುಖ್ಯಸ್ಥರು ಬರೆಯಲು ಜಾಗ ಸಾಲದೆ ಹಾಳೆಯ ಹಿಂಭಾಗಕ್ಕೂ ಹೋದರು. ಹೊರಡುವಾಗ ಮೇಲ್ವಿಚಾರಕರು ನನಗೆ ಮಾತ್ರ ಕೇಳುವ ಹಾಗೆ, “ಇವ್ರಿಗೆ ಅತ್ತು ತೋರುಸ್ಬೇಕು ಕಣಮ್ಮ. ನಕ್ರೆ ಏನೂ ಸಿಕ್ಕಾಕಿಲ್ಲ,” ಎಂದರು. ನಾನು ನಕ್ಕುಬಿಟ್ಟೆ. ಮಳವಳ್ಳಿಗೆ ಒಂದು ಮಾತು ಹೇಳಿ ಕಳಿಸಬೇಕು ಎಂದು ಆಗ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಗುರುವಾರ ಬೆಳಿಗ್ಗೆ ಜೀಪು ಮಳವಳ್ಳಿಯ ಆ ಕಟ್ಟಡದ ಮುಂದೆ ನಿಂತಾಗ, ದಾರಿ ತಪ್ಪಿ ಬೇರೆಲ್ಲಿಗೋ ಬಂದೆವೇನೋ ಎನಿಸಿತು. ಗೋಡೆಗೆ ಹೊಸ ಸುಣ್ಣ. ಬಾಗಿಲಿಗೆ ಮಾವಿನ ತೋರಣ. ಅಂಗಳದಲ್ಲಿ ರಂಗೋಲಿ. ಎಣ್ಣೆ ಕುಡಿದು ಕಪ್ಪಗಿದ್ದ ನೆಲವನ್ನು ಸೋಪುಪುಡಿ ಹಾಕಿ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದ್ದರು. ಹುಡುಗರು ಬಿಳಿ ಷರಟು ಹಾಕಿಕೊಂಡು, ಕೈಗಳನ್ನು ನಿಂಬೆಹಣ್ಣಿನಲ್ಲಿ ಉಜ್ಜಿ ತೊಳೆದುಕೊಂಡು ಸಾಲಾಗಿ ನಿಂತಿದ್ದರು. ಸುಟ್ಟ ಮೋಟಾರುಗಳಿಲ್ಲ, ಚಕ್ರವಿಲ್ಲ, ಹಳೇ ಲೇತೂ ಇಲ್ಲ. ಅದು ನಿಂತಿದ್ದ ಜಾಗದಲ್ಲಿ ಹಸಿರು ಬಣ್ಣದ ಹೊಸ ಲೇತೊಂದು ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಹಾರ ಹಾಕಿಸಿಕೊಂಡು ನಿಂತಿತ್ತು. ಮದ್ದೂರಿನ ಕಡೆ ವರ್ಕ್‌ಶಾಪು ಇಟ್ಟಿದ್ದ ಸ್ನೇಹಿತರೊಬ್ಬರಿಂದ ಮೇಷ್ಟ್ರು ಅದನ್ನು ಹಿಂದಿನ ದಿನ ಲಾರಿಯಲ್ಲಿ ಎರವಲು ತಂದಿದ್ದರು.

ನಮ್ಮಮ್ಮ ಇದನ್ನೇ ಮಾಡುತ್ತಿದ್ದಳು. ಮುಂದಿನ ಬಾಗಿಲಿಗೆ ನೆಂಟರು ಬಂದರೆ ಹಿಂದಿನ ಬಾಗಿಲಿಂದ ಲೋಟ ಹಿಡಿದು ಪಕ್ಕದ ಮನೆಗೆ ಸಕ್ಕರೆಗೆ ಓಡುತ್ತಿದ್ದಳು. ಬಂದವರಿಗೆ ನಮ್ಮ ಮನೆಯ ಡಬ್ಬಿ ಖಾಲಿ ಎಂದು ಗೊತ್ತಾಗಬಾರದು. ನಮ್ಮಲ್ಲಿ ಅದು ಸುಳ್ಳಲ್ಲ, ಮರ್ಯಾದೆ. ಮೇಷ್ಟ್ರ ಮುಖ ನೋಡಿದೆ. ಇಸ್ತ್ರಿ ಮಾಡಿದ ಪ್ಯಾಂಟು, ಹಣೆಗೆ ವಿಭೂತಿ. ನೀಟಾಗಿದೆಯೇ ಎಂದು ನನ್ನನ್ನು ಕಣ್ಣಲ್ಲೇ ಕೇಳುತ್ತಿದ್ದರು.

ತಜ್ಞರು ಮೊದಲು ಲೇತಿನ ಬುಡಕ್ಕೆ ಬಗ್ಗಿದರು. ನೆಲಕ್ಕೆ ಬೋಲ್ಟು ಹಾಕಿರಲಿಲ್ಲ, ಮರದ ಹಲಗೆಯ ಮೇಲೆ ನಿಂತಿತ್ತು. ಕಡೆದ ಚೂರು ಬೀಳುವ ತಟ್ಟೆಯೊಳಗೆ ಬೆರಳಾಡಿಸಿದರು. ಕಬ್ಬಿಣದ ಒಂದು ಚೂರೂ ಸಿಗಲಿಲ್ಲ. ಓಡಿಸಿ ತೋರಿಸಿ ಎಂದರು.

“ಪೂಜೆ ಮಾಡ್ಬುಟ್ಟಿವಿ ಸ್ವಾಮಿ. ಇವತ್ತು ಓಡ್ಸಂಗಿಲ್ಲ,” ಎಂದರು ಮೇಷ್ಟ್ರು.

ಪೂಜೆ ಮಾಡಿದ ದಿನ ಆಯುಧ ಮುಟ್ಟುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ತಜ್ಞರು ತಲೆ ಅಲ್ಲಾಡಿಸಿ ಏನೋ ಬರೆದುಕೊಂಡರು. ಆ ದಿನ ಕರೆಂಟು ಬೇರೆ ಇತ್ತು. ಮೇಷ್ಟ್ರು ಲೈನ್‌ಮನ್‌ಗೆ ಹೇಳಿ ಇರಿಸಿಕೊಂಡಿದ್ದರು. ಮುಖ್ಯಸ್ಥರು ಉರಿಯುವ ಬಲ್ಬನ್ನು ನೋಡಿ ವಿದ್ಯುತ್ತಿನ ಕಲಮಿಗೆ ‘ಇದೆ’ ಎಂದು ಗುರುತು ಹಾಕಿದರು. ಹುಡುಗರು ಕೈ ಮುಗಿದುಕೊಂಡು ನಿಂತೇ ಇದ್ದರು. ಆ ತಜ್ಞರು ಹುಡುಗರಲ್ಲಿ ಒಬ್ಬನ ಅಂಗೈ ಬಿಡಿಸಿ ನೋಡಿದ್ದರೂ ಸಾಕಿತ್ತು, ಚಕ್ರದ ಹಿಡಿಕೆಯ ದಡ್ಡು ಅಲ್ಲಿತ್ತು. ಯಾರೂ ಬಿಡಿಸಲಿಲ್ಲ.

ಹತ್ತನೇ ಪುಟ ಬಂತು. ನಿಮಗೆ ಏನೇನು ಕೊರತೆ ಇದೆ ಎಂದು ಕೇಳಿದೆ. ಕೇಳುವಾಗ ಒಂದೊಂದು ಶಬ್ದವನ್ನೂ ಒತ್ತಿ ಹೇಳಿದೆ.

ಮೇಷ್ಟ್ರು ಎರಡೂ ಕೈ ಜೋಡಿಸಿದರು. “ಕೊರತೆ ಏನೂ ಇಲ್ಲ. ಎಲ್ಲ ಚೆನ್ನಾಗದೆ. ಅಷ್ಟು ದೂರ್ದಿಂದ ಬಂದಿದಾರಲ್ಲ, ಅದೇ ದೊಡ್ಡದು ಅಂತ ಯೋಳಿ.”

“ಮೇಷ್ಟ್ರೆ, ಕರೆಂಟು ಇಲ್ಲ ಅನ್ನಿ, ಲೇತು ಹಳೇದು ಅನ್ನಿ, ಚಕ್ರದ ವಿಷಯ ಹೇಳಿ. ಅದಕ್ಕೇ ಕೇಳ್ತಿರೋದು,” ಎಂದೆ.

“ಅದ್ಯೆಂಗಮ್ಮ? ಮನೆ ಬಾಗ್ಲಿಗೆ ಬಂದೋರ ಮುಂದೆ ಇಲ್ಲ ಇಲ್ಲ ಅಂತ ಬಾಯ್ ಬುಡಕ್ಕಾಯ್ತದಾ? ಮೊದ್ಲು ನಮ್ಮ ಮ್ಯಾಲೆ ಒಳ್ಳೆ ಅಭಿಪ್ರಾಯ ಬರ್ಲಿ. ಆಮ್ಯಾಲೆ ಒಂದೊಂದೇ ಕೇಳದಪ್ಪ.”

ಆಮೇಲೆ ಎಂಬುದು ಇಲ್ಲ ಎಂದು ನನಗೆ ಗೊತ್ತಿತ್ತು. ಅವರಿಗೆ ಹೇಗೆ ಗೊತ್ತಾಗಬೇಕು? ಅವರ ಮಟ್ಟಿಗೆ ಇದು ಮೊದಲ ಭೇಟಿ, ಹೆಣ್ಣು ನೋಡಲು ಬಂದವರ ಹಾಗೆ. ಮಾತುಕತೆ ಇನ್ನೂ ಮುಂದಿದೆ. ಮುಖ್ಯಸ್ಥರು ನನ್ನ ಕಡೆ ತಿರುಗಿ, “ಏನೋ ಬಹಳ ಮಾತಾಯಿತು. ಅವರ ಉತ್ತರವೇನು?” ಎಂದರು.

ಇಡೀ ಪ್ರಯಾಣದಲ್ಲಿ ನಾನು ತೀರ್ಮಾನ ಎಂದು ತೆಗೆದುಕೊಳ್ಳಬೇಕಾಗಿ ಬಂದದ್ದು ಅದೊಂದು ಗಳಿಗೆಯಲ್ಲಿ. ಕೆಳಗೆ ನನ್ನ ರುಜು ಬೀಳಬೇಕು. ಮಂಡ್ಯದಲ್ಲಿ ಕೇಳಿಸಿಕೊಂಡ ಮಾತು ಇನ್ನೂ ಮರೆತಿರಲಿಲ್ಲ. ಮೇಷ್ಟ್ರ ಮುಂದೆಯೇ ಅವರ ಮಾತಿಗೆ ವಿರುದ್ಧವಾಗಿ ಹೇಳಿ ಹುಡುಗರ ಎದುರು ಅವರ ಮಾನ ಕಳೆಯಲೂ ಮನಸ್ಸು ಬರಲಿಲ್ಲ. ನಿಯಮದ ಪ್ರಕಾರ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ, ನಿಜ ನನ್ನ ಟಿಪ್ಪಣಿಯಲ್ಲಿದೆ, ಅದನ್ನು ಆಮೇಲೆ ಕೊಡುತ್ತೇನೆ ಎಂದುಕೊಂಡೆ. ನಾನೂ ಆಮೇಲೆ ಎಂಬುದನ್ನು ನಂಬಿದೆ.

“ಕೊರತೆ ಏನೂ ಇಲ್ಲವಂತೆ,” ಎಂದೆ. ಮುಖ್ಯಸ್ಥರು ಬರೆದರು. ನಾನು ರುಜು ಹಾಕಿದೆ. ಮೇಷ್ಟ್ರು ಎಳನೀರು ಕೊಟ್ಟರು.

ಮಧ್ಯಾಹ್ನ ಶಿವನಸಮುದ್ರದಲ್ಲಿ ವಿದ್ಯುತ್ ಸಿಬ್ಬಂದಿಯ ಜೊತೆ ಮಾತು. ಅದು ಸಲೀಸಾಗಿ ಮುಗಿಯಿತು. ಅವರು ಇದ್ದದ್ದನ್ನು ಇದ್ದಂತೆ, ಲೈನ್‌ಮನ್‌ಗಳಿಗೆ ಯಾವ ತರಬೇತಿ ಬೇಕು ಎಂದು ಬೆರಳು ಮಡಿಸಿ ಎಣಿಸಿ ಹೇಳಿದರು. ನನಗೆ ಅಲ್ಲಿ ಮನಸ್ಸೇ ಇರಲಿಲ್ಲ. ಸಂಜೆ ಚಹಾಕ್ಕೆ ಅಲ್ಲಿನ ಸರ್ಕಾರಿ ಬಂಗಲೆಯ ಜಗುಲಿಯಲ್ಲಿ ಕೂತಾಗ ಟಿಪ್ಪಣಿ ಪುಸ್ತಕ ತೆಗೆದು ಮುಖ್ಯಸ್ಥರ ಮುಂದೆ ಇಟ್ಟೆ. ಆರು ಪುಟವನ್ನೂ ಓದಿ ಹೇಳಿದೆ. ಚಕ್ರದ ಚಿತ್ರ ತೋರಿಸಿದೆ. ಹೊಸ ಲೇತು ಎರವಲು ತಂದದ್ದು ಎಂದೂ ಹೇಳಿಬಿಟ್ಟೆ.

ತಜ್ಞರು ಚಿತ್ರವನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದರು. “ಇದನ್ನು ಯಾಕೆ ಬಚ್ಚಿಟ್ಟರು? ನಾನು ನೋಡಲು ಬಂದದ್ದೇ ಇದನ್ನು,” ಎಂದರು. ನಿಜವಾಗಿ ನೋವಾದಂತೆ ಕಂಡಿತು. ನಾನು ಅಮ್ಮನ ಸಕ್ಕರೆಯ ಕಥೆ ಹೇಳಲು ಹೊರಟೆ. ಇಂಗ್ಲಿಷಿನಲ್ಲಿ ಅದು ಬಡವರು ಜಂಬ ಕೊಚ್ಚುವ ಕಥೆಯ ಹಾಗೆ ಕೇಳಿಸಿತು. ಅರ್ಧಕ್ಕೇ ನಿಲ್ಲಿಸಿದೆ.

ಮುಖ್ಯಸ್ಥರು ಕನ್ನಡಕ ತೆಗೆದರು. “ಬಡತನ ನಮಗೆ ಅಡ್ಡಿಯಲ್ಲ. ಅದಕ್ಕಾಗಿಯೇ ಬಂದಿದ್ದೇವೆ. ಆದರೆ ಈ ಕೇಂದ್ರ ನಡೆಯಬೇಕಾದ್ದು ಅಲ್ಲಿಂದ ಬರುವ ವರದಿಗಳ ಮೇಲೆ. ಇವತ್ತು ಆ ಮನುಷ್ಯ ನಮಗೆ ಲೇತಿನದು, ಕರೆಂಟಿನದು, ಕೊರತೆಯದು ಎಂದು ಮೂರು ಸುಳ್ಳು ಹೇಳಿದರು ಎಂದು ನೀವೇ ಹೇಳುತ್ತಿದ್ದೀರಿ. ನೀವು ಇದನ್ನು ಹೇಳದೆ ಇದ್ದಿದ್ದರೆ ನೆರವು ಬೇಡದ ಜಾಗ ಎಂದಷ್ಟೇ ಬರೆಯುತ್ತಿದ್ದೆ.”

“ನಾಳೆ ಬೆಳಿಗ್ಗೆ ಇನ್ನೊಮ್ಮೆ ಹೋಗೋಣ. ನಾನೇ ತೋರಿಸುತ್ತೇನೆ,” ಎಂದೆ. ಅಂಗಲಾಚಿದೆ ಎಂದರೂ ಸರಿಯೇ.

ತಜ್ಞರು ಮುಖ್ಯಸ್ಥರ ಮುಖ ನೋಡಿದರು. ಮುಖ್ಯಸ್ಥರು ಕಾರ್ಯಕ್ರಮದ ಹಾಳೆ ನೋಡಿದರು. ಬೆಳಿಗ್ಗೆ ಬೆಂಗಳೂರು, ಮಧ್ಯಾಹ್ನ ವಿಮಾನ. ಅಲ್ಲಿಗೆ ಮುಗಿಯಿತು. ಒಂದೇ ದಿನದಲ್ಲಿ ಎರಡು ಸಲ ನಾನು ಸರಿಯಾದದ್ದನ್ನೇ ಮಾಡಿದ್ದೆ, ಎರಡೂ ಆ ಮನುಷ್ಯನ ತಲೆಯ ಮೇಲೆ ಬಿದ್ದವು.

ವರದಿ ಮೂರು ತಿಂಗಳಿಗೆ ಬಂತು. ಕೇಂದ್ರ ಮದ್ದೂರಿಗೆ ಎಂದು ಶಿಫಾರಸು. ಮಳವಳ್ಳಿಗೆ ಒಂದೇ ಪುಟ. ಅದರಲ್ಲಿ ಎರಡು ಸಾಲು ನನಗೆ ಇವತ್ತಿಗೂ ಬಾಯಿಪಾಠ: ತೋರಿಸಿದ ಯಂತ್ರ ಸಂಸ್ಥೆಯದಲ್ಲ, ಬೋಧಕರ ಹೇಳಿಕೆಗಳು ನಂಬಲು ಯೋಗ್ಯವಲ್ಲ. ಉಪನಿರ್ದೇಶಕರು ಅದರ ಪಕ್ಕದಲ್ಲಿ ಕೆಂಪು ಗೆರೆ ಎಳೆದು, ಮುಂದಿನ ಆರ್ಡರ್ ಬೇಡ ಎಂದು ಬರೆದರು. ನಾನು ನಾಲ್ಕು ಪುಟದ ವಿವರಣೆ ಕೊಟ್ಟೆ. ಅದನ್ನು ಕಡತದಲ್ಲಿ ಸೇರಿಸಿದರು. ಮಳವಳ್ಳಿಗೆ ಹೋಗಿ ಸಾಮಾನು ಪಟ್ಟಿ ಮಾಡಿ ಬೀಗ ಹಾಕಿಸಿಕೊಂಡು ಬಾ ಎಂದು ನನ್ನನ್ನೇ ಕಳಿಸಿದರು. ಪಟ್ಟಿಗೆ ಆಧಾರವಾಗಿ ಆ ಪುಟದ ಒಂದು ಪ್ರತಿ ನನ್ನ ಚೀಲದಲ್ಲಿತ್ತು.

ಮೇಷ್ಟ್ರು ಆರ್ಡರನ್ನು ತೆಗೆದುಕೊಂಡು ಮಡಿಸಿ ಜೇಬಿಗೆ ಹಾಕಿಕೊಂಡರು. ಸಿಟ್ಟು ಮಾಡಲಿಲ್ಲ. ಹುಡುಗರು ಚಕ್ರವನ್ನು ಚೌಕಟ್ಟಿನಿಂದ ಬಿಚ್ಚುತ್ತಿದ್ದರು. ಅದು ಸರ್ಕಾರದ ಪಟ್ಟಿಯಲ್ಲಿ ಇರಲಿಲ್ಲ, ಮೇಷ್ಟ್ರ ಮನೆಯ ಗಾಡಿಯದು. ಅರ್ಧ ಸುತ್ತಿದ್ದ ಎರಡು ಮೋಟಾರುಗಳನ್ನು ಯಾರಿಗೆ ಒಪ್ಪಿಸುವುದೆಂದು ತಿಳಿಯದೆ ಒಬ್ಬ ಅವುಗಳ ಹತ್ತಿರವೇ ಕೂತಿದ್ದ. ಕೋರ್ಸು ಮುಗಿಯಲು ಇನ್ನೂ ಐದು ತಿಂಗಳಿತ್ತು. ಅವರಿಗೆ ಸರ್ಟಿಫಿಕೇಟು ಸಿಗುವುದಿಲ್ಲ ಎಂದು ನಾನು ಹೇಳಬೇಕಿತ್ತು, ಹೇಳಿದೆ.

ಪಟ್ಟಿ ಮುಗಿದ ಮೇಲೆ ಮೇಷ್ಟ್ರು ಕೇಳಿದರು: “ಅಮ್ಮಾವ್ರೆ, ಆ ದೊರೆಗಳು ನನ್ನ ಮ್ಯಾಲೆ ಏನ್ ಬರ್ದವ್ರೆ? ಜಾಗ ಸರಿ ಇಲ್ಲ ಅಂದ್ರೆ ಬುಡಿ, ಅದು ನಮ್ಮ ಕೈಲಿಲ್ಲ. ನನ್ನ ಮ್ಯಾಲೆ ಏನ್ ಬರ್ದವ್ರೆ?”

ಆ ಇಂಗ್ಲಿಷ್ ಪುಟ ತೆಗೆದೆ. ಹುಡುಗರು ಕೈಕೆಲಸ ಬಿಟ್ಟು ಹತ್ತಿರ ಬಂದರು. ಆ ಎರಡು ಸಾಲಿನ ಮೇಲೆ ಬೆರಳಿಟ್ಟುಕೊಂಡು, ಓದುವವಳ ಹಾಗೆ ನಿಧಾನವಾಗಿ ಹೇಳಿದೆ: “ಬೋಧಕರು ಬಹಳ ಅನುಭವಸ್ಥರು. ಸೌಲಭ್ಯ ಇಲ್ಲದಿದ್ದರೂ ಹುಡುಗರಿಗೆ ಚೆನ್ನಾಗಿ ಕಲಿಸುತ್ತಾರೆ.”

ದುಭಾಷಿಯಾಗಿ ನಾನು ಸ್ವಂತದ್ದು ಸೇರಿಸಿದ್ದು ಅದೊಂದೇ ಸಲ.

ಮೇಷ್ಟ್ರ ಮುಖ ಅರಳಿತು. “ಕೇಳಿದ್ರೇನ್ಲಾ,” ಎಂದು ಹುಡುಗರ ಕಡೆ ತಿರುಗಿದರು. ಆಮೇಲೆ ನನ್ನ ಮುಂದೆ ಕೈ ಚಾಚಿದರು. “ಆ ಹಾಳೆ ನಂಗೊಂದು ಕೊಡಿ ಅಮ್ಮ. ಬೆಂಗ್ಳೂರ್ ಕಡೆ ಕೆಲ್ಸಕ್ಕೆ ಅರ್ಜಿ ಆಕ್ತೀನಿ. ಫಾರಿನ್ನೋರು ಬರ್ದಿರದು ಜೊತೇಲಿ ಇದ್ರೆ ಒಂದು ತೂಕ ಇರ್ತದೆ.”

ನಾನು ಹಾಳೆಯನ್ನು ಎದೆಗವಚಿಕೊಂಡೆ. “ಕೊಡಕ್ಕಾಗಲ್ಲ ಮೇಷ್ಟ್ರೆ. ಆಫೀಸಿನ ಕಾಗದ.”

“ನಕಲು ಮಾಡ್ಕತೀನಿ. ಇಲ್ಲೇ ಕೂತು ಅಕ್ಸರ ನೋಡ್ಕಂಡು ಬರ್ಕತೀನಿ.”

“ರೂಲ್ಸು ಇಲ್ಲ.”

“ಒಂದು ಹಾಳೆ ಕಣಮ್ಮ,” ಎಂದರು.

ನಾನು ಅದನ್ನು ಚೀಲಕ್ಕೆ ತುರುಕಿ, ಬಾಗಿಲಿಗೆ ಬೀಗ ಹಾಕಿಸಿ, ಬೀಗದ ಕೈ ತೆಗೆದುಕೊಂಡು ಜೀಪು ಹತ್ತಿದೆ. ಸೆಕ್ಷನ್ನು ಮುಚ್ಚಿದ್ದಕ್ಕೆ ಮೇಷ್ಟ್ರು ನನ್ನನ್ನು ಯಾವತ್ತೂ ದೂರಲಿಲ್ಲ ಎಂದು ಆಮೇಲೆ ಕೇಳಿದೆ. ಅವರಿಗೆ ನನ್ನ ಮೇಲೆ ಇದ್ದ ಸಿಟ್ಟು ಒಂದೇ. ನನ್ನ ಹೆಸರು ಬಂದಾಗೆಲ್ಲ ಹೇಳುತ್ತಿದ್ದರಂತೆ: “ಅಷ್ಟು ದೂರ್ದೋರು ಒಳ್ಳೇದು ಬರ್ದಿದ್ರು. ಅದ್ನ ಕೊಡಕ್ಕೆ ಈ ಆಯಮ್ಮಂಗೆ ಮನ್ಸು ಬರ್ಲಿಲ್ಲ.”